ಬೆಳಗಾವಿ ಬ್ರಿಗೇಡಿನ ಲೆಕ್ಕ

1916ರ ಏಪ್ರಿಲ್ 29ರಂದು, ಟೈಗ್ರಿಸ್ ನದಿಯ ತಿರುವಿನಲ್ಲಿರುವ ಕುತ್ ಎಂಬ ಊರಿನಲ್ಲಿ, ಬ್ರಿಟಿಷರ ಸೈನ್ಯವೊಂದು ತುರ್ಕರಿಗೆ ಶರಣಾಯಿತು. ಸೆರೆ ಸಿಕ್ಕವರ ಲೆಕ್ಕವನ್ನು ಸರ್ಕಾರದ ಇತಿಹಾಸಕಾರ ಐದು ಸಾಲಿನಲ್ಲಿ ಕೊಡುತ್ತಾನೆ. ಬ್ರಿಟಿಷ್ ಅಧಿಕಾರಿಗಳು 277. ಭಾರತೀಯ ಅಧಿಕಾರಿಗಳು 204. ಬ್ರಿಟಿಷ್ ಸಿಪಾಯಿಗಳು 2,592. ಭಾರತೀಯ ಸಿಪಾಯಿಗಳು 6,988. ಕೊನೆಯ ಸಾಲು ‘ಫಾಲೋವರ್’ಗಳದು, 3,248. ಅಡುಗೆಯವರು, ನೀರು ಹೊರುವ ಭಿಸ್ತಿಗಳು, ಡೋಲಿ ಹೊರುವವರು, ಹೇಸರಗತ್ತೆ ನಡೆಸುವವರು, ಕುದುರೆ ನೋಡಿಕೊಳ್ಳುವ ಸಾಯಿಸರು, ಅಗಸರು, ಝಾಡಮಾಲಿಗಳು, ಎಲ್ಲರೂ ಆ ಸಾಲಿನಲ್ಲೇ. ಒಟ್ಟು 13,309.

ನೂರಕ್ಕೆ ಎಪ್ಪತ್ತೆಂಟು ಜನ ಹಿಂದೂಸ್ತಾನದವರು. ಸೆರೆ ಸಿಕ್ಕ ಅಷ್ಟೂ ಜನರನ್ನು ನಾಲ್ಕು ನಾಲ್ಕು ಜನರಂತೆ ಸಾಲು ನಿಲ್ಲಿಸಿ, ಸಾಲಿಗೂ ಸಾಲಿಗೂ ಒಂದೂವರೆ ಮೀಟರ್ ಜಾಗ ಬಿಟ್ಟರೆ ಮೆರವಣಿಗೆ ಐದು ಕಿಲೋಮೀಟರ್ ಉದ್ದವಾಗುತ್ತದೆ. ಬೆಳಗಾವಿಯ ಹಿಂದವಾಡಿಯಿಂದ ಹೊರಟರೆ ಅದರ ತಲೆ ಬೆಳಗಾವಿ ಕ್ಯಾಂಪ್ ಮುಟ್ಟಿದಾಗಲೂ ಬಾಲ ಹಿಂದವಾಡಿ ಬಿಟ್ಟಿರುವುದಿಲ್ಲ.

ಹಿಂದವಾಡಿಯನ್ನೂ ಕ್ಯಾಂಪನ್ನೂ ಸುಮ್ಮನೆ ಹೇಳಲಿಲ್ಲ. ಕುತ್‌ನಲ್ಲಿ ಸಿಕ್ಕಿಬಿದ್ದದ್ದು ಆರನೆಯ ಡಿವಿಷನ್, ಅಂದರೆ ಪುಣೆ ಡಿವಿಷನ್. ಅದರಡಿ ಮೂರು ಬ್ರಿಗೇಡುಗಳು: ಹದಿನಾರನೆಯದು ಪುಣೆಯದು, ಹದಿನೇಳನೆಯದು ಅಹ್ಮದ್‌ನಗರದ್ದು, ಹದಿನೆಂಟನೆಯದು ಬೆಳಗಾವಿಯದು. 1914ರ ಆಗಸ್ಟ್‌ನಲ್ಲಿ ಯುದ್ಧ ಘೋಷಣೆಯಾದಾಗ ನಾರ್ಫೋಕ್ ರೆಜಿಮೆಂಟಿನ ಎರಡನೆಯ ಪಲ್ಟಣ ಬೆಳಗಾವಿಯಲ್ಲೇ ಬೀಡುಬಿಟ್ಟಿತ್ತು. ಅದರ ಜೊತೆ 110ನೆಯ ಮರಾಠಾ ಲೈಟ್ ಇನ್‌ಫೆಂಟ್ರಿ, 7ನೆಯ ರಜಪೂತ್, 120ನೆಯ ರಾಜಪುತಾನಾ ಇನ್‌ಫೆಂಟ್ರಿ ಸೇರಿ ಹದಿನೆಂಟನೆಯ ಬ್ರಿಗೇಡ್. ಉಳಿದೆರಡು ಬ್ರಿಗೇಡುಗಳಲ್ಲೂ 103ನೆಯ, 117ನೆಯ ಮರಾಠಾ ಪಲ್ಟಣಗಳಿದ್ದವು. ಈ ಮೂರೂ 1922ರಲ್ಲಿ ಒಂದೇ ರೆಜಿಮೆಂಟಿಗೆ ಸೇರಿದವು. ಅದರ ತರಬೇತಿ ಪಲ್ಟಣ ಬೆಳಗಾವಿಗೆ ಬಂತು. ಇವತ್ತು ಕ್ಯಾಂಪಿನಲ್ಲಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಅದರ ಮುಂದುವರಿಕೆ. ಸೆರೆಯಾಳುಗಳ ದುಡಿಮೆಯ ಈ ಕಥೆ ಬೆಳಗಾವಿಯದೂ ಹೌದು.

ಬೆಳಗಾವಿಯ ಬ್ರಿಗೇಡಿಗೆ ಟೈಗ್ರಿಸ್ ದಂಡೆಯಲ್ಲಿ ಏನು ಕೆಲಸ? ಉತ್ತರ ಕಲ್ಲಿದ್ದಲಿನಿಂದ ಶುರುವಾಗುತ್ತದೆ. ಅಲ್ಲಿಯವರೆಗೆ ಬ್ರಿಟಿಷ್ ನೌಕಾಪಡೆ ಓಡಿದ್ದು ವೇಲ್ಸ್‌ನ ಕಲ್ಲಿದ್ದಲಿನಿಂದ. ಯುದ್ಧಕ್ಕೆ ಕೆಲವೇ ವರ್ಷ ಮೊದಲು ಹಡಗುಗಳನ್ನು ಎಣ್ಣೆಗೆ ತಿರುಗಿಸುವ ತೀರ್ಮಾನವಾಯಿತು. ಬ್ರಿಟನ್ನಿನ ನೆಲದಡಿ ಕಲ್ಲಿದ್ದಲು ಬೇಕಾದಷ್ಟಿತ್ತು, ಎಣ್ಣೆ ಇರಲಿಲ್ಲ. ಎಣ್ಣೆ ಇದ್ದದ್ದು ಪರ್ಷಿಯಾದಲ್ಲಿ. ಅಲ್ಲಿನ ಬಾವಿಗಳಿಂದ ಸುಮಾರು 220 ಕಿಲೋಮೀಟರ್ ಕೊಳವೆಯಲ್ಲಿ ಹರಿದು ಅಬಾದಾನ್‌ನ ಶುದ್ಧೀಕರಣ ಕಾರ್ಖಾನೆಗೆ ಬರುತ್ತಿತ್ತು. 1914ರಲ್ಲಿ ಬ್ರಿಟಿಷ್ ಸರ್ಕಾರ 22 ಲಕ್ಷ ಪೌಂಡ್ ಕೊಟ್ಟು ಆ ಎಣ್ಣೆ ತೆಗೆಯುತ್ತಿದ್ದ ಕಂಪನಿಯ ನೂರಕ್ಕೆ 51 ಪಾಲು ಕೊಂಡಿತು. ಕೊಂಡದ್ದನ್ನು ಕಾಯಲು ಹಿಂದೂಸ್ತಾನದ ಸೈನ್ಯ. ನವೆಂಬರ್ 6ಕ್ಕೆ ಪುಣೆ ಬ್ರಿಗೇಡ್ ಫಾವೊದಲ್ಲಿ ಇಳಿಯಿತು. ಒಂದು ವಾರದ ಬೆನ್ನಿಗೇ ಬೆಳಗಾವಿ ಬ್ರಿಗೇಡ್ ಬಂತು. ತಿಂಗಳು ಮುಗಿಯುವುದರೊಳಗೆ ಬಸ್ರಾ ಕೈವಶ.

ಎಣ್ಣೆ ಕಾಯಲು ಅಲ್ಲಿಗೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಒಂದೊಂದೇ ಊರು ಸುಲಭವಾಗಿ ಸಿಕ್ಕಂತೆ ಬಾಗ್ದಾದಿನ ಆಸೆ ಹುಟ್ಟಿತು. 1915ರ ನವೆಂಬರ್ 22ರಂದು ಬಾಗ್ದಾದ್ ನಲವತ್ತು ಕಿಲೋಮೀಟರಿನಷ್ಟು ದೂರವಿದ್ದಾಗ ಟೆಸಿಫೊನ್‌ನಲ್ಲಿ ಯುದ್ಧವಾಗಿ ಸುಮಾರು ನಾಲ್ಕೂವರೆ ಸಾವಿರ ಜನ ಸತ್ತರು ಇಲ್ಲವೇ ಗಾಯಗೊಂಡರು. ಹಿಂದೆ ಸರಿದ ಡಿವಿಷನ್ ಡಿಸೆಂಬರ್ 3ರಂದು ಕುತ್ ಸೇರಿತು. ನಾಲ್ಕು ದಿನದಲ್ಲಿ ಮುತ್ತಿಗೆ ಬಿತ್ತು.

ಆ ಮುತ್ತಿಗೆ ಐದು ತಿಂಗಳ ಹತ್ತಿರ ನಡೆಯಿತು. ಕುತ್‌ನ ಬಗ್ಗೆ ಬರೆಯುವವರು ಡಿವಿಷನ್ನಿನ ದಂಡನಾಯಕ ಜನರಲ್ ಟೌನ್‌ಶೆಂಡನ ಸ್ವಭಾವಕ್ಕೆ ಪುಟಗಟ್ಟಲೆ ಮೀಸಲಿಡುತ್ತಾರೆ. ನನಗೆ ಅದಕ್ಕಿಂತ ಬೀಸುವ ಕಲ್ಲು ದೊಡ್ಡ ವಿಷಯ. ಊರಿನಲ್ಲಿ ಜವೆಗೋಧಿಯ ದಾಸ್ತಾನು ಸಿಕ್ಕಿತು, ಬೀಸಲು ಕಲ್ಲಿಲ್ಲ. ಕೊನೆಗೆ ಬೀಸುವ ಕಲ್ಲುಗಳನ್ನು ವಿಮಾನದಿಂದ ಕೆಳಗೆ ಹಾಕಿದರು. ರೈಟ್ ಸಹೋದರರ ಯಂತ್ರ ಮೊದಲ ಸಲ ನೆಲ ಬಿಟ್ಟು ಆಗಿನ್ನೂ ಹನ್ನೆರಡು ವರ್ಷ ಚಿಲ್ಲರೆಯಷ್ಟೇ ಕಳೆದಿತ್ತು. ಮನುಷ್ಯ ಆಕಾಶದಿಂದ ಇಳಿಸಿದ ಮೊದಮೊದಲ ಸರಕುಗಳಲ್ಲಿ ನಮ್ಮ ಅಡುಗೆಮನೆಯ ಕಲ್ಲೂ ಒಂದು.

ಏಪ್ರಿಲ್ 15ರಿಂದ ಆಹಾರವನ್ನೇ ಎಸೆಯಲು ಹೊರಟರು. ಮುತ್ತಿಗೆಯಲ್ಲಿ ಸಿಕ್ಕವರಿಗೆ ಆಕಾಶದಿಂದ ಅನ್ನ ಹಾಕುವ ಪ್ರಯತ್ನ ಇಷ್ಟು ದೊಡ್ಡದಾಗಿ ಹಿಂದೆಂದೂ ಆಗಿರಲಿಲ್ಲ. ಎರಡು ವಾರದಲ್ಲಿ ಎಸೆದದ್ದು ಎಂಟು ಟನ್ ಆಚೀಚೆ. ಕೇಳಲು ದೊಡ್ಡದು. ಹದಿಮೂರು ಸಾವಿರ ಜನಕ್ಕೆ ಹಂಚಿದರೆ ತಲೆಗೆ ಆರುನೂರು ಗ್ರಾಂ, ದಿನಕ್ಕೆ ನಲವತ್ತು. ಅದರಲ್ಲೂ ಒಂದಿಷ್ಟು ನದಿಗೆ ಬಿತ್ತು, ಒಂದಿಷ್ಟು ತುರ್ಕರ ಕಂದಕಕ್ಕೆ. ಏಪ್ರಿಲ್ 24ರ ರಾತ್ರಿ ‘ಜುಲ್ನಾರ್’ ಎಂಬ ಹಡಗಿಗೆ 270 ಟನ್ ದಿನಸಿ ತುಂಬಿ ನದಿಯ ಮೇಲೆ ಓಡಿಸಿದರು. ವಿಮಾನಗಳೆಲ್ಲ ಸೇರಿ ತಂದದ್ದರ ಮೂವತ್ತಮೂರು ಪಟ್ಟು ಒಂದೇ ಹಡಗಿನಲ್ಲಿತ್ತು. ಅದು ಕುತ್‌ಗೆ ಕೆಲವೇ ಮೈಲಿ ದೂರದಲ್ಲಿ ಸಿಕ್ಕಿಬಿದ್ದು ತುರ್ಕರ ಪಾಲಾಯಿತು.

ಕುತ್ ಬಿಡಿಸಲು ದಕ್ಷಿಣದಿಂದ ಬಂದ ಸೈನ್ಯದಲ್ಲಿ ಸತ್ತವರೂ ಗಾಯಗೊಂಡವರೂ ಸೇರಿ 23,000. ಒಳಗಿದ್ದ ಹದಿಮೂರು ಸಾವಿರ ಜನರನ್ನು ಉಳಿಸಲು ಹೊರಗೆ ಇಪ್ಪತ್ತಮೂರು ಸಾವಿರ! ಉಳಿಸಲೂ ಆಗಲಿಲ್ಲ. ಕೊನೆಗೆ ರೊಕ್ಕದ ಮಾತಾಯಿತು. ಮೊದಲು ಹತ್ತು ಲಕ್ಷ ಪೌಂಡ್, ಆಮೇಲೆ ಇಪ್ಪತ್ತು ಲಕ್ಷ. ಸಂಧಾನಕ್ಕೆ ಹೋದವರಲ್ಲಿ ಮುಂದೆ ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಟಿ. ಇ. ಲಾರೆನ್ಸ್ ಕೂಡ ಇದ್ದ. ಎಣ್ಣೆ ಕಂಪನಿಯ ಪಾಲಿಗೆ ಕೊಟ್ಟದ್ದಕ್ಕೂ ಸೈನ್ಯದ ಬಿಡುಗಡೆಗೆ ಕೊಡಲು ಹೊರಟದ್ದಕ್ಕೂ ಹೆಚ್ಚು ಕಡಿಮೆ ಒಂದೇ ಬೆಲೆ ಎಂಬುದನ್ನು ಓದುಗರು ಗಮನಿಸಬೇಕು. ತುರ್ಕಿಯ ಯುದ್ಧಮಂತ್ರಿ ಎನ್ವರ್ ಪಾಷಾ ರೊಕ್ಕ ಬೇಡವೆಂದ. ಜನವೇ ಬೇಕಾಗಿತ್ತು.

ಶರಣಾಗತಿಯ ಹೊತ್ತಿಗೆ ದಿನದ ಪಡಿ ನಾಲ್ಕು ಔನ್ಸ್ ಹಿಟ್ಟಿಗೆ ಇಳಿದಿತ್ತು, ನೂರ ಹದಿನೈದು ಗ್ರಾಂ ಇರಬಹುದು. ಹೆಚ್ಚಿನ ಭಾರತೀಯ ಸಿಪಾಯಿಗಳು ಕೊನೆಯ ವಾರಗಳವರೆಗೂ ಕುದುರೆ ಮಾಂಸ ಮುಟ್ಟಿರಲಿಲ್ಲ. ಒಸಡಿನಿಂದ ರಕ್ತ ಸುರಿಯುವ ಸ್ಕರ್ವಿ ರೋಗ ಅವರಿಗೇ ಹೆಚ್ಚು ತಗುಲಿತು. ತೀರ ಕಾಯಿಲೆಯಾಗಿದ್ದ ಸಾವಿರ ಚಿಲ್ಲರೆ ಜನರನ್ನು ಅದಲುಬದಲಿನಲ್ಲಿ ಕೆಳಗೆ ಬಸ್ರಾಕ್ಕೆ ಕಳಿಸಲು ತುರ್ಕರು ಒಪ್ಪಿದರು. ಟೌನ್‌ಶೆಂಡನ ಕೋರಿಕೆಯ ಮೇರೆಗೆ ಅವನ ನಾಯಿಯನ್ನೂ ಬಿಟ್ಟರು. ಅದರ ಹೆಸರು ಸ್ಪಾಟ್. ಕುತ್‌ನಿಂದ ಹೊರಬಿದ್ದ ಆ ನಾಯಿಯ ಹೆಸರು ಇತಿಹಾಸದಲ್ಲಿ ಉಳಿದಿದೆ. 3,248 ಫಾಲೋವರ್‌ಗಳ ಹೆಸರು ಹುಡುಕಿ ನೋಡಿ.

ಮುಂದಿನದು ನಡಿಗೆ. ಅಧಿಕಾರಿಗಳನ್ನು ಹಡಗಿನಲ್ಲಿ ಒಯ್ದರು, ಸಿಪಾಯಿಗಳನ್ನೂ ಫಾಲೋವರ್‌ಗಳನ್ನೂ ನಡೆಸಿದರು. ಕುತ್‌ನಿಂದ ಬಾಗ್ದಾದಿಗೆ ನೂರ ಅರವತ್ತು ಕಿಲೋಮೀಟರ್. ಅಲ್ಲಿಂದ ಸಮಾರಾವರೆಗೆ ರೈಲು. ಮತ್ತೆ ನಡಿಗೆ: ತಿಕ್ರಿತ್, ಮೋಸುಲ್, ನುಸೈಬಿನ್, ರಾಸ್ ಅಲ್ ಐನ್. ಕಾಲ ಮೇಲೆ ದಾಟಿದ್ದು ಏಳುನೂರು ಕಿಲೋಮೀಟರಿಗೂ ಮೇಲೆ. ನಮ್ಮ ನಕ್ಷೆಯ ಮೇಲಿಟ್ಟರೆ ಬೆಳಗಾವಿಯಿಂದ ಬೆಂಗಳೂರು ದಾಟಿ, ಚೆನ್ನೈ ಇನ್ನು ಎರಡು ಮೂರು ದಿನದ ಹಾದಿ ಎನ್ನುವಲ್ಲಿಗೆ. ಮೇ–ಜೂನ್ ತಿಂಗಳ ಮರುಭೂಮಿ. ಅಷ್ಟು ಹೊತ್ತಿಗೆ ಬಹಳ ಜನರ ಬೂಟು, ನೀರಿನ ಬಾಟ್ಲಿ, ಕೋಟು ಕಾವಲಿನವರ ಪಾಲಾಗಿದ್ದವು. ಐದು ತಿಂಗಳು ಅರೆಹೊಟ್ಟೆಯಲ್ಲಿದ್ದವರಿಗೆ ಮೊದಲ ದಿನಗಳಲ್ಲಿ ಸಿಕ್ಕದ್ದು ಕಲ್ಲಿನಂಥ ಬಿಸ್ಕೆಟ್. ತಿಂದವರಿಗೆ ಹೊಟ್ಟೆ ಕೆಟ್ಟಿತು. ಹಿಂದೆ ಬಿದ್ದವನಿಗಾಗಿ ಯಾರೂ ನಿಲ್ಲುವಂತಿರಲಿಲ್ಲ.

ಇಷ್ಟು ದೂರ ನಡೆಸಿದ್ದು ಯಾಕೆ? ಆ ದಾರಿಯ ತುದಿಯಲ್ಲಿ ಅರ್ಧಕ್ಕೆ ನಿಂತ ಒಂದು ರೈಲುಮಾರ್ಗವಿತ್ತು. ಬರ್ಲಿನ್–ಬಾಗ್ದಾದ್ ರೈಲು ಎಂದು ಲೋಕಪ್ರಸಿದ್ಧವಾದದ್ದು. ಕೊನ್ಯಾದಿಂದ ಬಾಗ್ದಾದಿನವರೆಗೆ ಸುಮಾರು 1,600 ಕಿಲೋಮೀಟರ್, ಜರ್ಮನ್ ಬಂಡವಾಳ, ಜರ್ಮನ್ ಎಂಜಿನಿಯರುಗಳು. ಯುದ್ಧ ಶುರುವಾದಾಗ ಅದು ತುಂಡು ತುಂಡಾಗಿತ್ತು. ಟಾರಸ್ ಪರ್ವತದಲ್ಲೊಂದು ಕಡೆ, ಅಮಾನಸ್ ಪರ್ವತದಲ್ಲೊಂದು ಕಡೆ ಸುರಂಗ ಮುಗಿದಿರಲಿಲ್ಲ. ರಾಸ್ ಅಲ್ ಐನ್‌ಗೂ ಸಮಾರಾಕ್ಕೂ ನಡುವೆ ಹಳಿಯೇ ಇರಲಿಲ್ಲ. ಖಾನಾಪುರ ತಾಲೂಕಿನ ಲೋಂಡಾದಿಂದ ಕ್ಯಾಸಲ್ ರಾಕ್ ಹಾಯ್ದು ಗೋವೆಗೆ ಇಳಿಯುವ ಘಟ್ಟದ ರೈಲನ್ನು ಕಂಡವರಿಗೆ ಬೆಟ್ಟದಲ್ಲಿ ಹಳಿ ಹಾಕುವುದೆಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮೂವತ್ತೇಳು ಅಡಿಗೆ ಒಂದು ಅಡಿ ಇಳಿಜಾರಿನ ಆ ದಾರಿಯನ್ನು ನಮ್ಮವರು 1888ರಲ್ಲೇ ಮುಗಿಸಿದ್ದರು. ಅಮಾನಸ್‌ನ ಬಹಚೆಯಲ್ಲಿ ಕೊರೆಯಬೇಕಿದ್ದ ಒಂದೇ ಸುರಂಗ ಸುಮಾರು 4.9 ಕಿಲೋಮೀಟರ್.

ಆ ಸುರಂಗದಲ್ಲಿ ದುಡಿಯುತ್ತಿದ್ದವರು ಸಾವಿರಾರು ಆರ್ಮೀನಿಯನ್ನರು. ಗಡೀಪಾರಿನ ಹಾದಿಯಲ್ಲಿ ರೈಲ್ವೆ ಕೆಲಸ ಹಿಡಿದು ಜೀವ ಉಳಿಸಿಕೊಂಡಿದ್ದವರು. ಜರ್ಮನ್ ಎಂಜಿನಿಯರುಗಳು ಇವರಿಲ್ಲದೆ ಕೆಲಸ ಸಾಗದೆಂದು ಗೋಗರೆದರೂ 1916ರ ಜೂನ್‌ನಲ್ಲಿ ತುರ್ಕಿ ಸರ್ಕಾರ ಅವರನ್ನೂ ಎಬ್ಬಿಸಿ ಸಾವಿನ ದಾರಿಗೆ ಅಟ್ಟಿತು. ಕೆಲಸ ಒಮ್ಮೆಲೇ ನಿಂತಿತು. ಅದೇ ತಿಂಗಳು ಕುತ್‌ನ ಸೆರೆಯಾಳುಗಳು ಬಂದು ತಲುಪಿದರು. ಒಬ್ಬರನ್ನು ಕೊಂದು ಖಾಲಿ ಮಾಡಿದ ಜಾಗಕ್ಕೆ ಇನ್ನೊಬ್ಬರನ್ನು ತಂದು ನಿಲ್ಲಿಸಿದರು.

ಬಿಳಿ ಸಿಪಾಯಿಗಳಲ್ಲಿ ಬಹಳಷ್ಟು ಜನರನ್ನು ಸುರಂಗಗಳತ್ತ ಕಳಿಸಿದರು. ಭಾರತೀಯರಲ್ಲಿ ಹೆಚ್ಚಿನವರನ್ನು ರಾಸ್ ಅಲ್ ಐನ್‌ನಲ್ಲೇ ಇಟ್ಟುಕೊಂಡರು, ಹಳಿ ಮುಂದೆ ಎಳೆಯಲು. ಅಮಾನಸ್‌ಗೆ ಹೋದವರು ಮಲೇರಿಯಾ, ಭೇದಿಯಿಂದ ಎಷ್ಟು ಬೇಗ ಕುಸಿದರೆಂದರೆ ಸೆಪ್ಟೆಂಬರಿನ ಹೊತ್ತಿಗೆ ಇವರಿಂದ ಕೆಲಸವಾಗದು ಎಂದು ಮತ್ತೆ ಬೆಟ್ಟ ಹತ್ತಿಸಿ ನಡೆಸಿಬಿಟ್ಟರು. ರಾಸ್ ಅಲ್ ಐನ್‌ನ ಕಥೆಯನ್ನು ಹೇಳಿದವನು ಶಿಶಿರ್ ಸರ್ವಾಧಿಕಾರಿ, ಬೆಂಗಾಲ್ ಆಂಬ್ಯುಲೆನ್ಸ್ ಕೋರ್‌ನ ಯುವಕ. ದಿನಚರಿಯ ಹಾಳೆಗಳನ್ನು ಬೂಟಿನಲ್ಲಿ ಬಚ್ಚಿಟ್ಟು ಮನೆಗೆ ತಂದ. ಅದು ‘ಅಭಿ ಲೇ ಬಾಗ್ದಾದ್’ ಎಂಬ ಬಂಗಾಳಿ ಪುಸ್ತಕವಾದದ್ದು 1950ರ ದಶಕದಲ್ಲಿ. ಹದಿಮೂರು ಸಾವಿರದಲ್ಲಿ ಬ್ರಿಟಿಷ್ ಅಧಿಕಾರಿಗಳು ಬರೆದ ನೆನಪಿನ ಪುಸ್ತಕಗಳು ಒಂದು ಕಪಾಟು ತುಂಬುವಷ್ಟಿವೆ. ಹತ್ತು ಸಾವಿರ ಭಾರತೀಯರ ಕಡೆಯಿಂದ ಹೀಗೆ ಪುಸ್ತಕವಾಗಿ ಕೈಗೆ ಸಿಗುವುದು ತೀರ ಅಪರೂಪ.

ಸತ್ತವರ ಲೆಕ್ಕ ಹೀಗಿದೆ. 2,592 ಬ್ರಿಟಿಷ್ ಸಿಪಾಯಿಗಳಲ್ಲಿ ಸುಮಾರು 1,750 ಜನ ಮರಳಲಿಲ್ಲ. ಮೂವರಲ್ಲಿ ಇಬ್ಬರು. ಭಾರತೀಯರಲ್ಲಿ, ಫಾಲೋವರ್‌ಗಳೂ ಸೇರಿ, ಎರಡೂವರೆಯಿಂದ ಮೂರು ಸಾವಿರ. ಇದರಲ್ಲಿ ದೊಡ್ಡ ಪಾಲಿನ ಮುಂದೆ ‘ಸತ್ತ’ ಎಂದೂ ಬರೆದಿಲ್ಲ, ‘ಸುಳಿವಿಲ್ಲ’ ಎಂದಿದೆ. ಐದು ಸಾಲಿನ ಪಟ್ಟಿಯಲ್ಲಿ ಕೆಳಗೆ ಬಂದಂತೆ ಸತ್ತವರ ಅಂಕಿ ದುಂಡಗಾಗುತ್ತ ಹೋಗುವುದನ್ನು ಗಮನಿಸಿ. ಮೊದಲ ಸಾಲಿನವನು ಯಾವ ದಿನ ಯಾವ ಊರಲ್ಲಿ ಸತ್ತ ಎಂಬುದು ಗೊತ್ತು. ಕೊನೆಯ ಸಾಲಿನವನು ಸತ್ತನೋ ಬದುಕಿದನೋ ಎಂಬುದೇ ಅಂದಾಜು. ಇಂಥ ಕಥೆಗಳ ದೊಡ್ಡ ಅಂಕಿ ಕಂಡಾಗಲೆಲ್ಲ ನಾನು ಮೊದಲು ನೋಡುವುದು ಅದರ ಕೊನೆಯ ಸೊನ್ನೆಗಳನ್ನು. ಸೊನ್ನೆ ಹೆಚ್ಚಿದಷ್ಟೂ ಎಣಿಸಿದವರು ಕಡಿಮೆ.

ಅಧಿಕಾರಿಗಳ ಕಥೆ ಬೇರೆ. 1907ರ ಹೇಗ್ ಒಪ್ಪಂದದ ಆರನೆಯ ವಿಧಿಯಂತೆ ಸೆರೆಯಾಳು ಸಿಪಾಯಿಯಿಂದ ಕೆಲಸ ಮಾಡಿಸಬಹುದು, ಅಧಿಕಾರಿಯಿಂದ ಕೂಡದು. ಕೆಲಸ ಮಿತಿಮೀರಬಾರದು, ಯುದ್ಧಕ್ಕೆ ಸಂಬಂಧಿಸಿರಬಾರದು ಎಂದೂ ಅದರಲ್ಲೇ ಇದೆ. ಸೈನ್ಯ ಸಾಗಿಸುವ ರೈಲು ಯುದ್ಧಕ್ಕೆ ಸಂಬಂಧಿಸಿದ್ದಲ್ಲ ಎಂದು ಯಾವ ವಕೀಲ ವಾದಿಸಿಯಾನು? ಅಧಿಕಾರಿಗಳು ಅನಾಟೋಲಿಯಾದ ಊರುಗಳಲ್ಲಿ ಮನೆಗಳಲ್ಲಿದ್ದರು, ಬಹುಪಾಲು ಬದುಕಿ ಬಂದರು. ಟೌನ್‌ಶೆಂಡ್ ಇಸ್ತಾಂಬುಲ್ ಹತ್ತಿರದ ದ್ವೀಪವೊಂದರ ಬಂಗಲೆಯಲ್ಲಿದ್ದ. 1917ರಲ್ಲಿ, ಸೆರೆಯಲ್ಲಿದ್ದಾಗಲೇ, ಸರ್ ಪದವಿ ಬಂತು. 1920ರಲ್ಲಿ ಪಾರ್ಲಿಮೆಂಟಿಗೆ ಆರಿಸಿ ಹೋದ.

ಬೆಳಗಾವಿಯ ಇನ್ನೊಂದು ಸಂಗತಿ ಇಲ್ಲೇ ಹೇಳಬೇಕು. ಬೆಳಗಾವಿ ಬ್ರಿಗೇಡಿನವರು ಮರುಭೂಮಿಯಲ್ಲಿ ಜರ್ಮನ್ ಕಂಪನಿಯ ಹಳಿ ಹೊರುತ್ತಿದ್ದ ಕಾಲಕ್ಕೆ ಬೆಳಗಾವಿಯಲ್ಲಿ ಜರ್ಮನ್ ಸಂಸಾರಗಳು ಸೆರೆಯಲ್ಲಿದ್ದವು. ಹಿಂದೂಸ್ತಾನದಲ್ಲಿ ಸಿಕ್ಕ ಜರ್ಮನ್ ನಾಗರಿಕರಲ್ಲಿ ಹೆಂಗಸರು ಮಕ್ಕಳಿದ್ದವರನ್ನು ಇಲ್ಲಿ ಇಟ್ಟಿದ್ದರು. ತುರ್ಕಿ ಸೆರೆಯಾಳುಗಳು ಬಳ್ಳಾರಿಯಲ್ಲಿ, ಬರ್ಮಾದ ಥಾಯೆಟ್ಮ್ಯೊದಲ್ಲಿ. 1917ರಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್‌ನವರು ಜಿನೀವಾದಿಂದ ಬಂದು ಬೆಳಗಾವಿ, ಬಳ್ಳಾರಿಗಳ ಶಿಬಿರ ನೋಡಿ ಊಟ, ನೀರು, ಹಾಸಿಗೆ, ಟಪಾಲುಗಳ ವಿವರವಾದ ವರದಿ ಬರೆದು ಅಚ್ಚು ಹಾಕಿದರು. ಬೆಳಗಾವಿಯಿಂದ ಹೋದವರ ಬಗ್ಗೆ ಅಷ್ಟು ನಿಗಾ ಯಾರಿಗೂ ಸಾಧ್ಯವಾಗಲಿಲ್ಲ.

ಇಪ್ಪತ್ತೈದು ವರ್ಷ ಮುಂದೆ ಬನ್ನಿ. ಕುತ್‌ನ ಅಂಕಿಗಳು ಆಟಿಕೆಯಂತೆ ಕಾಣತೊಡಗುತ್ತವೆ. ಅಲ್ಲಿ ಬೇಕಾಗಿದ್ದದ್ದು ಹಳಿ. ಇಲ್ಲಿ ಕಲ್ಲಿದ್ದಲು. ಎರಡನೆಯ ಮಹಾಯುದ್ಧದ ಉಕ್ಕು, ರೈಲು, ವಿದ್ಯುತ್ತು, ಜರ್ಮನಿಯ ಕೃತಕ ಪೆಟ್ರೋಲು ಕೂಡ ಕಲ್ಲಿದ್ದಲಿನಿಂದಲೇ. ಗಣಿ ಕೆಲಸದ ಗಂಡಸರು ಸೈನ್ಯಕ್ಕೆ ಹೋದಂತೆ ಗೆದ್ದ ನಾಡಿನ ಜನರನ್ನು ಕೆಳಗಿಳಿಸಿದರು.

1944ರ ಆಗಸ್ಟ್‌ನಲ್ಲಿ ಜರ್ಮನಿಯಲ್ಲಿ ದುಡಿಯುತ್ತಿದ್ದ ಪರದೇಶಿಗಳು 76 ಲಕ್ಷ: 57 ಲಕ್ಷ ನಾಗರಿಕರು, 19 ಲಕ್ಷ ಯುದ್ಧಕೈದಿಗಳು. 2011ರ ಜನಗಣತಿಯ ಬೆಳಗಾವಿ, ಬಾಗಲಕೋಟೆ, ಗದಗ ಜಿಲ್ಲೆಗಳನ್ನು ಕೂಸು ಮುದುಕರ ಸಮೇತ ಕೂಡಿಸಿದರೆ 77 ಲಕ್ಷ. ಮೂರು ಜಿಲ್ಲೆಗಳನ್ನು ಪೂರ್ತಿ ಖಾಲಿ ಮಾಡಿ ಬೇರೆ ದೇಶದ ಕಾರ್ಖಾನೆ, ಹೊಲ, ಗಣಿಗಳಿಗೆ ಹಂಚಿದ ಹಾಗೆ. ಅದಕ್ಕೂ ಮೊದಲು ನಡೆದದ್ದು ಇನ್ನೂ ವಿಚಿತ್ರ. ಯುದ್ಧದುದ್ದಕ್ಕೂ ಜರ್ಮನಿಯ ಕೈಗೆ ಸಿಕ್ಕ ಸೋವಿಯತ್ ಸೈನಿಕರು ಸುಮಾರು 57 ಲಕ್ಷ, ಸತ್ತವರು ಸುಮಾರು 33 ಲಕ್ಷ, ಅದರಲ್ಲಿ ಹೆಚ್ಚಿನವರು 1942ರ ವಸಂತದೊಳಗೆ, ಬಯಲಿನಲ್ಲಿ ಬೇಲಿಯೊಳಗೆ ಕೂಡಿಹಾಕಿ ಹಸಿವಿಗೆ ಬಿಟ್ಟದ್ದರಿಂದ. ಅದೇ ವರ್ಷ ರೂರ್ ಪ್ರದೇಶದ ಗಣಿಗಳಲ್ಲಿ ಆಳು ಸಾಲುತ್ತಿಲ್ಲವೆಂದು ಬೊಬ್ಬೆ ಎದ್ದು, ಉಳಿದವರನ್ನು ಹುಡುಕಿ ತಂದರು. ಆಶ್ವಿಟ್ಜ್‌ನ ಕೈದಿಗಳನ್ನು ಕಲ್ಲಿದ್ದಲು ಗಣಿಗೆ ಇಳಿಸಿದ್ದೂ 1942ರ ಆಗಸ್ಟ್‌ನಿಂದ, ಯಾವಿಷೊವಿಟ್ಜ್‌ನಲ್ಲಿ.

ಎದುರು ನಿಂತವರೂ ಇದ್ದರು. ಜರ್ಮನ್ ಆಕ್ರಮಣದಡಿಯ ಉತ್ತರ ಫ್ರಾನ್ಸಿನ ನಾರ್–ಪಾ ದ ಕಲೆ ಗಣಿಪ್ರದೇಶದಲ್ಲಿ 1941ರ ಮೇ 27ರಿಂದ ಜೂನ್ 9ರವರೆಗೆ ಮುಷ್ಕರ ನಡೆಯಿತು. 1,43,000 ಗಣಿ ಕಾರ್ಮಿಕರಲ್ಲಿ ಒಂದು ಲಕ್ಷ ಜನ ಕೆಳಗಿಳಿಯಲಿಲ್ಲ. ಸೋಪಿಲ್ಲ, ಮಾಂಸವಿಲ್ಲ, ಕೂಲಿ ಸಾಲದು ಎಂದು ಶುರುವಾದದ್ದು. ಎರಡು ವಾರದಲ್ಲಿ ಐದು ಲಕ್ಷ ಟನ್ ಕಲ್ಲಿದ್ದಲು ನೆಲದಲ್ಲೇ ಉಳಿಯಿತು. ಇನ್ನೂರಕ್ಕೂ ಹೆಚ್ಚು ಜನರನ್ನು ಜರ್ಮನಿಗೆ ಸಾಗಿಸಿದರು. ಬಂದೂಕಿನ ಮುಂದೆ ಬರಿಗೈ ಕಟ್ಟಿ ನಿಂತು ಅರ್ಧ ಕೋಟಿ ಕ್ವಿಂಟಾಲು ಉಳಿಸಿಕೊಂಡ ಮುಷ್ಕರ ಅದು.

ಜಪಾನಿನ ಕಡೆ, ಕೊರಿಯಾದಿಂದ ಹೊತ್ತು ತಂದವರು ಏಳು ಲಕ್ಷದ ಆಸುಪಾಸು. ಯುದ್ಧದ ಕೊನೆಗೆ ಜಪಾನಿನ ಕಲ್ಲಿದ್ದಲು ಗಣಿಗಳಲ್ಲಿ ಮೂವರಲ್ಲಿ ಒಬ್ಬ ಕೊರಿಯಾದವನು. ಚೀನಾದಿಂದ ತಂದವರ ಅಂಕಿಯನ್ನು ಜಪಾನ್ ಸರ್ಕಾರವೇ 1946ರಲ್ಲಿ ಬರೆದಿಟ್ಟಿತು: 38,935 ಜನ, 135 ಕೆಲಸದ ಜಾಗ, ಸತ್ತವರು 6,830. ಇಷ್ಟು ಕರಾರುವಾಕ್ಕಾಗಿ ಎಣಿಸಲು ಕಂಪನಿಗಳಿಂದ ವರದಿ ತರಿಸಿದ್ದೇ ಕಾರಣ.

ಈ ಅಂಕಿಗಳ ನಡುವೆ ಒಂದು ದಿನವಿದೆ: 1942ರ ಏಪ್ರಿಲ್ 26. ಜಪಾನ್ ಹಿಡಿದಿದ್ದ ಮಂಚೂರಿಯಾದ ಬೆನ್ಶಿಹು ಗಣಿಯಲ್ಲಿ ಅನಿಲವೂ ಕಲ್ಲಿದ್ದಲಿನ ದೂಳೂ ಸೇರಿ ಸ್ಫೋಟವಾಯಿತು. ಬೆಂಕಿ ಹಬ್ಬಬಾರದೆಂದು ಆಡಳಿತದವರು ಗಾಳಿಯ ದಾರಿ ನಿಲ್ಲಿಸಿ ಬಾಯಿ ಮುಚ್ಚಿಸಿದರು. ಒಳಗಿದ್ದವರನ್ನು ಪೂರ್ತಿ ಹೊರಗೆ ತೆಗೆದಿರಲಿಲ್ಲ. ಸತ್ತವರು 1,549. ಯುದ್ಧವಾದ ಮೇಲೆ ಸೋವಿಯತ್ ತನಿಖೆಯವರು ಕಂಡುಕೊಂಡದ್ದು, ಹೆಚ್ಚಿನವರು ಸತ್ತದ್ದು ಸ್ಫೋಟದಿಂದಲ್ಲ, ವಿಷದ ಹೊಗೆಯಿಂದ. ಕಲ್ಲಿದ್ದಲು ಗಣಿಯಲ್ಲಿ ಇದಕ್ಕಿಂತ ದೊಡ್ಡ ದುರಂತ ಜಗತ್ತಿನಲ್ಲಿ ಅದಕ್ಕೆ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ. ನಮ್ಮ ದೇಶದ ಅತಿ ದೊಡ್ಡದು 1975ರ ಡಿಸೆಂಬರ್ 27ರ ಚಾಸ್‌ನಾಲಾ. ಅಲ್ಲಿ ಸತ್ತವರು ಸುಮಾರು 375. ಅಂಥ ನಾಲ್ಕು ಚಾಸ್‌ನಾಲಾ ಒಂದೇ ದಿನ, ಒಂದೇ ಗಣಿಯಲ್ಲಿ. ಶವ ಹೊರಗೆ ತೆಗೆಯಲು ಹತ್ತು ದಿನ ಬೇಕಾಯಿತು. 1,549ರಲ್ಲಿ ಜಪಾನೀಯರು 31. ಮೊದಲು ಹೊರಗೆ ಹೇಳಿದ ಸಾವಿನ ಸಂಖ್ಯೆ 34.

ಈ ಎರಡು ಅಂಕಿ ಅಕ್ಕಪಕ್ಕ ಬಂದು ಕೂತದ್ದು ಆಕಸ್ಮಿಕವಿರಬಹುದು. ಆದರೂ 34ನ್ನೂ 31ನ್ನೂ ಒಟ್ಟಿಗೆ ಓದಿದ ಮೇಲೆ ಸಂಶಯ ಸುಲಭವಾಗಿ ಹೋಗುವುದಿಲ್ಲ.

ನಮ್ಮ ನೆಲದಲ್ಲೂ ಯುದ್ಧ ಗಣಿಗೆ ಇಳಿಯಿತು, ಅಷ್ಟು ಕ್ರೂರವಾಗಿ ಅಲ್ಲದಿದ್ದರೂ. ಹೆಂಗಸರು ಗಣಿಯೊಳಗೆ ಇಳಿಯಬಾರದೆಂದು 1937ರಲ್ಲಿ ಬಂದಿದ್ದ ಕಾಯಿದೆಯನ್ನು 1943ರ ಆಗಸ್ಟ್‌ನಲ್ಲಿ ಅಮಾನತಿನಲ್ಲಿಟ್ಟರು. ಸೈನ್ಯದ ವಿಮಾನ ನಿಲ್ದಾಣ, ರಸ್ತೆ ಕೆಲಸಗಳಲ್ಲಿ ಹೆಚ್ಚು ಕೂಲಿ ಸಿಕ್ಕು ಗಂಡಾಳುಗಳು ಗಣಿ ಬಿಟ್ಟಿದ್ದರು. ಗೋರಖಪುರದಿಂದ ಆಳು ತಂದು ಶಿಬಿರಗಳಲ್ಲಿಟ್ಟು ಗಣಿಗೆ ಕಳಿಸುವ ಏರ್ಪಾಡೂ ಆಯಿತು. ಆಗ ವೈಸ್‌ರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ಡಾ. ಅಂಬೇಡ್ಕರ್ ಅವರದು. 1943ರ ಡಿಸೆಂಬರ್‌ನಲ್ಲಿ ಧನಬಾದ್‌ಗೆ ಹೋಗಿ ತಾವೇ ಗಣಿಯೊಳಗೆ ಇಳಿದು ನೋಡಿದರು. ನಿಷೇಧ ಮತ್ತೆ ಜಾರಿಗೆ ಬಂದದ್ದು 1946ರ ಫೆಬ್ರವರಿಯಲ್ಲಿ.

ಕರ್ನಾಟಕದವರೂ ಈ ಎರಡನೆಯ ಸುತ್ತಿನ ಲೆಕ್ಕದಲ್ಲಿದ್ದಾರೆ. 1942ರ ಜೂನ್ 21ರಂದು ತೊಬ್ರುಕ್ ಬಿದ್ದಾಗ ಸೆರೆಯಾದ ಸುಮಾರು 33,000 ಜನರಲ್ಲಿ ಬೆಳಗಾವಿಯ ಮರಾಠಾ ರೆಜಿಮೆಂಟಿನ ಎರಡನೆಯ ಪಲ್ಟಣವಿತ್ತು. ನಾಲ್ಕು ತಿಂಗಳು ಮೊದಲು ಸಿಂಗಪುರ ಬಿದ್ದಾಗ ಜಪಾನಿನ ಕೈಗೆ ಸಿಕ್ಕ ಭಾರತೀಯ ಸೈನಿಕರು ಸುಮಾರು 45,000. ಮೈಸೂರು ಸಂಸ್ಥಾನದ ಒಂದನೆಯ ಇನ್‌ಫೆಂಟ್ರಿ ಅದರಲ್ಲಿತ್ತು. ದಕ್ಷಿಣ ಕನ್ನಡದ ಕಿನ್ನಿಗೋಳಿಯ ಜಾನ್ ಬ್ಯಾಪ್ಟಿಸ್ಟ್ ಕ್ರಾಸ್ತಾ ಕೂಡ. ಇಂಡಿಯನ್ ನ್ಯಾಷನಲ್ ಆರ್ಮಿ (ಐಎನ್‌ಎ) ಸೇರದೆ ಉಳಿದ ಸಾವಿರಾರು ಜನರನ್ನು ಹಡಗಿನ ತಳಕ್ಕೆ ತುಂಬಿ ಜಪಾನ್ ಹಿಡಿದಿದ್ದ ದಕ್ಷಿಣ ಪೆಸಿಫಿಕ್ ದ್ವೀಪಗಳಿಗೆ ಕೂಲಿಗೆ ಒಯ್ದರು. ಕ್ರಾಸ್ತಾ ನ್ಯೂ ಬ್ರಿಟನ್ ದ್ವೀಪದ ರಬಾಲ್‌ನಲ್ಲಿ ದುಡಿದರು. ಪಕ್ಕದ ನ್ಯೂಗಿನಿಯ ವೆವಾಕ್‌ಗೆ ಕಳಿಸಿದ ಸುಮಾರು ಮೂರು ಸಾವಿರ ಭಾರತೀಯರಲ್ಲಿ ಯುದ್ಧ ಮುಗಿದಾಗ ಉಳಿದದ್ದು ಇನ್ನೂರರ ಆಚೀಚೆ. ನೂರರಲ್ಲಿ ಏಳು ಜನ. ಕುತ್‌ನ ಬ್ರಿಟಿಷ್ ಸಿಪಾಯಿಗಳಲ್ಲಿ ನೂರಕ್ಕೆ ಮೂವತ್ತಕ್ಕೂ ಮೇಲೆ ಉಳಿದಿದ್ದರು. ಕ್ರಾಸ್ತಾ ಊರಿಗೆ ಮರಳಿ ಬರೆದಿಟ್ಟದ್ದು ಅರ್ಧ ಶತಮಾನ ಮನೆಯಲ್ಲೇ ಇತ್ತು. 1990ರ ದಶಕದಲ್ಲಿ ಮಗ ರಿಚರ್ಡ್ ಕ್ರಾಸ್ತಾ ಅದನ್ನು ‘ಈಟನ್ ಬೈ ದ ಜಪನೀಸ್’ ಎಂಬ ಹೆಸರಿನಲ್ಲಿ ಅಚ್ಚು ಮಾಡಿಸಿದರು.

ಇನ್ನು ಆ ಹಳಿಯ ಗತಿ. ಕುತ್‌ನ ಸೆರೆಯಾಳುಗಳು ದುಡಿದ ರಾಸ್ ಅಲ್ ಐನ್ ಮಾರ್ಗ ಯುದ್ಧ ಮುಗಿಯುವಷ್ಟರಲ್ಲಿ ನುಸೈಬಿನ್ ಮುಟ್ಟಿ ನಿಂತಿತು. ಬಾಗ್ದಾದಿನವರೆಗೆ ಮೊದಲ ರೈಲು ಓಡಿದ್ದು 1940ರ ಜುಲೈಯಲ್ಲಿ. ಅಷ್ಟರಲ್ಲಿ ಆ ಹಳಿಗೆ ಇನ್ನೊಂದು ಕೆಲಸ ಸಿಕ್ಕಿತ್ತು. 1921ರಲ್ಲಿ ಫ್ರಾನ್ಸ್ ಮತ್ತು ತುರ್ಕಿ ಅಂಕಾರಾದಲ್ಲಿ ಕೂತು ಸಿರಿಯಾ–ತುರ್ಕಿ ಗಡಿ ಎಳೆದಾಗ ನೂರಾರು ಕಿಲೋಮೀಟರ್ ಉದ್ದಕ್ಕೆ ರೈಲುಹಳಿಯನ್ನೇ ಗಡಿಯೆಂದು ಗುರುತು ಮಾಡಿದರು. ಅಂದು ಸೆರೆಯಾಳುಗಳು ಮಣ್ಣು ಹೊತ್ತು ಹಾಕಿದ ಏರಿ ಇಂದು ಎರಡು ದೇಶಗಳ ನಡುವಿನ ಗೆರೆ. ಗಡಿಯೆಂದರೆ ನಕ್ಷೆಯ ಮೇಲಿನ ಬರೀ ಗೀಟಲ್ಲ ಎಂದು ಬಲ್ಲ ಬೆಳಗಾವಿಯ ನಮಗೆ ಇದು ತುಸು ಹೆಚ್ಚೇ ಅರ್ಥವಾಗುತ್ತದೆ.

ಮೆಸೊಪೊಟೇಮಿಯಾದಲ್ಲಿ ಸತ್ತು ಗೋರಿ ಸಿಗದವರಿಗಾಗಿ 1929ರ ಮಾರ್ಚ್‌ನಲ್ಲಿ ಬಸ್ರಾ ಸ್ಮಾರಕ ತೆರೆದರು. ನಲವತ್ತು ಸಾವಿರಕ್ಕೂ ಹೆಚ್ಚು ಜನರ ನೆನಪಿಗೆ. 1997ರಲ್ಲಿ ಸದ್ದಾಂ ಹುಸೇನ್ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿಸಿ ನಾಸಿರಿಯಾ ರಸ್ತೆಯ ಪಕ್ಕಕ್ಕೆ, ಮೂವತ್ತೆರಡು ಕಿಲೋಮೀಟರ್ ಆಚೆಗೆ ಸಾಗಿಸಿದ. ಅದರ ಫಲಕಗಳಲ್ಲಿ ಬ್ರಿಟಿಷರ ಹೆಸರಿವೆ, ಭಾರತೀಯ ಅಧಿಕಾರಿಗಳ ಹೆಸರಿವೆ. ಭಾರತೀಯ ಸಿಪಾಯಿಗಳದು ಪಲ್ಟಣದ ಹೆಸರು, ಅದರ ಮುಂದೆ ಒಂದು ಅಂಕಿ. 2021ರ ಏಪ್ರಿಲ್‌ನಲ್ಲಿ ಕಾಮನ್‌ವೆಲ್ತ್ ಸಮಾಧಿ ಆಯೋಗದ ಸಮಿತಿಯೊಂದು ತನ್ನದೇ ಸಂಸ್ಥೆಯ ಹಳೆಯ ದಫ್ತರ ಬಿಚ್ಚಿ ನೋಡಿ ವರದಿ ಕೊಟ್ಟಿತು. ಮೊದಲ ಮಹಾಯುದ್ಧದಲ್ಲಿ ಸತ್ತ ಏಷ್ಯಾ, ಆಫ್ರಿಕಾದವರಲ್ಲಿ 45,000ದಿಂದ 54,000 ಜನರಿಗೆ ಸರಿಸಮನಾದ ಗುರುತು ಸಿಕ್ಕಿಲ್ಲ. ಹೆಸರಿನಿಂದ ಗುರುತಾಗದವರು, ಗುರುತೇ ಇಲ್ಲದವರು ಕಡಿಮೆಯೆಂದರೆ 1,16,000. ಹೆಚ್ಚೆಂದರೆ 3,50,000. ಇವರಲ್ಲಿ ಬಹಳ ಮಂದಿ ಪೂರ್ವ ಆಫ್ರಿಕಾ, ಈಜಿಪ್ಟಿನ ಹೊರೆಯಾಳುಗಳು, ಕುತ್‌ನ ಪಟ್ಟಿಯ ಐದನೆಯ ಸಾಲಿನವರ ಜಾತಿಯವರು.

ಅಂದಾಜಿನ ಕೆಳತುದಿಗೂ ಮೇಲ್ತುದಿಗೂ ನಡುವೆ 2,34,000 ಜನ. 2011ರ ಜನಗಣತಿಯಲ್ಲಿ ಬೆಳಗಾವಿ ನಗರದ ಜನಸಂಖ್ಯೆ 4,88,157.